ಬಾಯಿಗಷ್ಟೇ ಉಕ್ಕು: ಹಳೆಯ ಅಮೆರಿಕದ ಕಮ್ಮಾರ ಕೊಡಲಿ ಮಾಡುತ್ತಿದ್ದ ಬಗೆ

ಅಮೆರಿಕದ ಪೂರ್ವ ಕರಾವಳಿಯ ಯಾವುದಾದರೂ ಮ್ಯೂಸಿಯಂನಲ್ಲಿ 1790ರ ಆಸುಪಾಸಿನ ಕೊಡಲಿ ಕಣ್ಣಿಗೆ ಬಿದ್ದರೆ, ಅದರ ಬಾಯಿಯಿಂದ, ಅಂದರೆ ಕಡಿಯುವ ಅಂಚಿನಿಂದ, ಒಂದೂವರೆ ಇಂಚು ಹಿಂದಕ್ಕೆ ಕೆನ್ನೆಯ (ಚಪ್ಪಟೆ ಬದಿಯ) ಮೇಲೆ ಹುಡುಕಿ ನೋಡಿ. ತುಕ್ಕು ತೀರ ದಟ್ಟವಾಗಿಲ್ಲದಿದ್ದರೆ ಅಲ್ಲೊಂದು ಮಸುಕು ಗೆರೆ ಕಾಣುತ್ತದೆ. ಗೆರೆಯ ಹಿಂದಿರುವುದು ಕಬ್ಬಿಣ, ಮುಂದಿರುವುದು ಉಕ್ಕು. ಇಡೀ ಕೊಡಲಿ ನಾಲ್ಕು ಪೌಂಡ್, ಅಂದರೆ ಸುಮಾರು 1.8 ಕಿಲೋ ತೂಗಿದರೆ ಅದರಲ್ಲಿ ಉಕ್ಕಿನ ಪಾಲು ಅರ್ಧ ಪೌಂಡ್ ಆಚೀಚೆ, ಅಷ್ಟೇ. ಆ ಕಾಲದ ಕಮ್ಮಾರಿಕೆಯನ್ನು ಅರ್ಥಮಾಡಿಕೊಳ್ಳಲು ಈ ಗೆರೆಗಿಂತ ಒಳ್ಳೆಯ ದಾರಿ ಇಲ್ಲ. ಎಲ್ಲಿ ಉಕ್ಕು ಬೇಕೇ ಬೇಕು, ಎಲ್ಲಿ ಬೇಡ ಎಂಬ ಲೆಕ್ಕದ ಮೇಲೆಯೇ ಆ ಕಸುಬಿನ ಮುಕ್ಕಾಲು ಜಾಣ್ಮೆ ನಿಂತಿತ್ತು.

ಲೋಹ ಎಷ್ಟು ಅಮೂಲ್ಯವಾಗಿತ್ತು ಎನ್ನುವುದಕ್ಕೆ ವರ್ಜೀನಿಯಾದ ಒಂದು ಹಳೆಯ ಕಾಯಿದೆ ಸಾಕು. ಜಮೀನು ಬಿಟ್ಟು ಬೇರೆಡೆಗೆ ಹೊರಟವರು ಹಳೆಯ ಮನೆಗೆ ಬೆಂಕಿ ಹಚ್ಚಿ, ಬೂದಿಯಿಂದ ಮೊಳೆ ಆರಿಸಿಕೊಂಡು ಹೋಗುತ್ತಿದ್ದರು. 1645ರಲ್ಲಿ ಇದನ್ನು ನಿಷೇಧಿಸಿದರು. ಮನೆ ಸುಡದೆ ಬಿಟ್ಟುಹೋದರೆ ಅದರಲ್ಲಿ ಎಷ್ಟು ಮೊಳೆ ಇರಬಹುದೆಂದು ಇಬ್ಬರು ನಿಷ್ಪಕ್ಷಪಾತಿಗಳಿಂದ ಅಂದಾಜು ಮಾಡಿಸಿ, ಅಷ್ಟು ಮೊಳೆಯನ್ನು ಅವರಿಗೆ ಕೊಡಬೇಕೆಂದು ನಿಯಮ ಮಾಡಿದರು.

ಕಬ್ಬಿಣವನ್ನು ಅಲ್ಲೇ ತೆಗೆಯುವ ಪ್ರಯತ್ನಗಳು ಬೇಗನೆ ಶುರುವಾದವು. ವರ್ಜೀನಿಯಾದ ಫಾಲಿಂಗ್ ಕ್ರೀಕ್‌ನಲ್ಲಿ 1619ರಲ್ಲಿ ಹಾಕಿದ ಕಾರ್ಖಾನೆ 1622ರಲ್ಲಿ ಮೂಲನಿವಾಸಿಗಳು ನಡೆಸಿದ ದಾಳಿಯಲ್ಲಿ ನಾಶವಾಯಿತು. ಸರಿಯಾಗಿ ನಡೆದದ್ದು 1646ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಗಸ್‌ನಲ್ಲಿ ಕೆಲಸ ಆರಂಭಿಸಿದ ಕಾರ್ಖಾನೆ. ಅಲ್ಲಿ ಬಳಸಿದ್ದು ಜೌಗು ನೆಲದಲ್ಲಿ, ಕೆರೆಯಂಗಳದಲ್ಲಿ ಹೆಪ್ಪುಗಟ್ಟಿದ ಅದಿರು. ಅದಿರಿನ ಕಲ್ಮಶವನ್ನು ಕಿಟ್ಟವಾಗಿ ಕರಗಿಸಲು ಸಾಮಾನ್ಯವಾಗಿ ಹಾಕುವ ಸುಣ್ಣಕಲ್ಲಿನ ಬದಲು ಹತ್ತಿರದ ನಹಾಂಟ್‌ನಿಂದ ತಂದ ಗ್ಯಾಬ್ರೊ ಎಂಬ ಕಪ್ಪುಕಲ್ಲನ್ನು ಹಾಕುತ್ತಿದ್ದರು. ಉರಿಗೆ ಇದ್ದಲು. ಇಂಥ ಒಂದು ಊದುಕುಲುಮೆ ಪೂರ್ತಿ ಉರಿಯುತ್ತಿದ್ದಾಗ ದಿನಕ್ಕೆ ಹೆಚ್ಚುಕಡಿಮೆ ಒಂದು ಎಕರೆ ಕಾಡಿನ ಇದ್ದಲು ಬೇಕಾಗುತ್ತಿತ್ತು.

ಊದುಕುಲುಮೆಯಿಂದ ಹೊರಬರುವುದು ಬೀಡು ಕಬ್ಬಿಣ. ಅದರಲ್ಲಿ ಇಂಗಾಲ ಹೆಚ್ಚು, ಸುತ್ತಿಗೆ ಬಿದ್ದರೆ ಒಡೆಯುತ್ತದೆ. ಅದನ್ನು ಮತ್ತೊಂದು ಒಲೆಯಲ್ಲಿ ಗಾಳಿಯ ಎದುರಿಗೆ ಕರಗಿಸಿ, ಇಂಗಾಲವನ್ನು ಸುಟ್ಟುಹಾಕಿ, ಉಳಿದ ಮೆತ್ತನೆಯ ಮುದ್ದೆಯನ್ನು ನೀರಿನ ಚಕ್ರದಿಂದ ಏಳುವ ದೊಡ್ಡ ಸುತ್ತಿಗೆಯ ಕೆಳಗೆ ಬಡಿದು ಪಟ್ಟಿ ಮಾಡಿದರೆ ಕಮ್ಮಾರನಿಗೆ ಬೇಕಾದ ಮೆದು ಕಬ್ಬಿಣ ಸಿಗುತ್ತದೆ. ಇದರಲ್ಲಿ ಇಂಗಾಲ ಶೇಕಡಾ 0.1ಕ್ಕಿಂತ ಕಡಿಮೆ. ಜೊತೆಗೆ, ಬಡಿದರೂ ಪೂರ್ತಿ ಹೊರಹೋಗದ ಕಿಟ್ಟ ಸಣ್ಣ ಎಳೆಗಳಾಗಿ ಪಟ್ಟಿಯ ಉದ್ದಕ್ಕೂ ಉಳಿದಿರುತ್ತದೆ. ಹಾಗಾಗಿ ಈ ಕಬ್ಬಿಣಕ್ಕೆ ಮರದ ಹಾಗೆ ನಾರು ಉಂಟು. ನಾರಿನ ಉದ್ದಕ್ಕೆ ಬಾಗಿಸಿದರೆ ತಾಳುತ್ತದೆ, ಅಡ್ಡಕ್ಕೆ ಎಳೆದರೆ ಸೀಳುತ್ತದೆ. ಬೆಸುಗೆಗೆ ಇದರಷ್ಟು ಒಗ್ಗುವ ಲೋಹ ಇಲ್ಲ. ಆದರೆ ಎಷ್ಟೇ ಕಾಯಿಸಿ ನೀರಿಗದ್ದಿದರೂ ಇದು ಗಟ್ಟಿಯಾಗದು. ಇದರಿಂದ ಮಾಡಿದ ಕೊಡಲಿಯ ಬಾಯಿ ಓಕ್ ಮರದ ಒಂದು ಗಂಟಿಗೆ ತಾಗಿದರೆ ಮಡಚಿಕೊಳ್ಳುತ್ತದೆ.

ಅಲಗಿಗೆ ಉಕ್ಕೇ ಬೇಕು. ಉಕ್ಕು ಮಾಡುವುದು ದೊಡ್ಡ ಕೆಲಸ. ಒಳ್ಳೆಯ ಕಬ್ಬಿಣದ ಪಟ್ಟಿಗಳನ್ನು ಇದ್ದಲು ಪುಡಿಯ ಜೊತೆ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು, ಗಾಳಿ ನುಗ್ಗದಂತೆ ಮೆತ್ತಿ, ಒಂದು ವಾರವೋ ಅದಕ್ಕಿಂತ ಹೆಚ್ಚೋ ಸತತವಾಗಿ ಕೆಂಪಗೆ ಕಾಯಿಸಬೇಕು. ಕಬ್ಬಿಣ ಕರಗುವುದಿಲ್ಲ, ಇಂಗಾಲ ಮೆಲ್ಲಗೆ ಅದರೊಳಕ್ಕೆ ಇಳಿಯುತ್ತದೆ. ಹೊರತೆಗೆದಾಗ ಪಟ್ಟಿಯ ಮೈತುಂಬ ಬೊಬ್ಬೆ ಎದ್ದಿರುತ್ತವೆ. ಇದೇ ಬೊಬ್ಬೆ ಉಕ್ಕು. ಹೊರಮೈಯಲ್ಲಿ ಇಂಗಾಲ ಜಾಸ್ತಿ, ನಡುವೆ ಕಡಿಮೆ, ಆದ್ದರಿಂದ ಅನುಭವಸ್ಥ ಕಮ್ಮಾರ ಅದನ್ನು ಮಡಚಿ ಬೆಸೆದು, ಮತ್ತೆ ಎಳೆದು, ಹದ ಒಂದೇ ಸಮನಾಗಿಸಿಕೊಂಡ ಮೇಲೆಯೇ ಬಳಸುತ್ತಿದ್ದ. ವಸಾಹತುಗಳಿಗೆ ಉಕ್ಕು ಬಹುಪಾಲು ಇಂಗ್ಲೆಂಡಿನಿಂದ ಬರುತ್ತಿತ್ತು. 1750ರಲ್ಲಿ ಬ್ರಿಟಿಷ್ ಸಂಸತ್ತು ಕಬ್ಬಿಣದ ಕಾಯಿದೆ ತಂದು, ವಸಾಹತುಗಳು ಬೀಡನ್ನೂ ಪಟ್ಟಿಯನ್ನೂ ಬ್ರಿಟನ್ನಿಗೆ ಕಳುಹಿಸಲು ಅನುಕೂಲ ಮಾಡಿಕೊಟ್ಟಿತು. ಅದೇ ಕಾಯಿದೆಯಲ್ಲಿ ಹೊಸ ಉಕ್ಕಿನ ಕುಲುಮೆ, ಪಟ್ಟಿ ಸೀಳುವ ಗಿರಣಿ, ತಗಡು ಬಡಿಯುವ ಕಮ್ಮಟ ಕಟ್ಟಕೂಡದೆಂದೂ ಹೇಳಿತು. ಕಚ್ಚಾ ಮಾಲು ನೀವು ಕೊಡಿ, ಹತಾರ ನಾವು ಮಾರುತ್ತೇವೆ ಎಂಬ ಈ ನೀತಿಯನ್ನು ಭಾರತದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಮ್ಮಾರಶಾಲೆಗೆ ಬರೋಣ. ಸೊಂಟದೆತ್ತರಕ್ಕೆ ಕಟ್ಟಿದ ಇಟ್ಟಿಗೆಯ ಒಲೆ, ಅದರ ಹಿಂಗೋಡೆಯಿಂದ ಒಳಕ್ಕೆ ಬರುವ ಗಾಳಿಯ ಕೊಳವೆ, ಅದಕ್ಕೆ ಸೇರಿದ ದೊಡ್ಡ ತೊಗಲು ತಿದಿ. ಈ ತಿದಿಗೆ ಎರಡು ಹೊಟ್ಟೆ. ಸನ್ನೆಗೋಲು ಒತ್ತಿದಾಗ ಕೆಳಗಿನ ಹೊಟ್ಟೆ ಗಾಳಿಯನ್ನು ಮೇಲಿನದಕ್ಕೆ ತಳ್ಳುತ್ತದೆ. ಮೇಲಿನದರ ಮೇಲೆ ಭಾರ ಇಟ್ಟಿರುವುದರಿಂದ ಅದು ಒಂದೇ ಸಮನೆ ಊದುತ್ತಲೇ ಇರುತ್ತದೆ. ಒತ್ತಿದಾಗೊಮ್ಮೆ ಬಿಟ್ಟಾಗೊಮ್ಮೆ ಗಾಳಿ ಏರಿಳಿದರೆ ಬೆಸುಗೆಯ ಕಾವು ನಿಲ್ಲುವುದಿಲ್ಲ, ಅದಕ್ಕಾಗಿ ಈ ಏರ್ಪಾಡು. ಉರುವಲಿಗೆ ಗಟ್ಟಿಮರದ ಇದ್ದಲೇ ಹೆಚ್ಚು. ವರ್ಜೀನಿಯಾದ ರಿಚ್‌ಮಂಡ್ ಸುತ್ತಮುತ್ತ ಕಲ್ಲಿದ್ದಲೂ ಸಿಗುತ್ತಿತ್ತು, ಆದರೆ ಅದರಲ್ಲಿ ಗಂಧಕ ಇರುತ್ತದೆ. ಮೊದಲು ಸುಟ್ಟು ಗಂಧಕ ಕಳೆಯದೆ ಅದರಲ್ಲೇ ಕಬ್ಬಿಣ ಕಾಯಿಸಿದರೆ, ಕೆಂಪಗಿರುವಾಗಲೇ ಲೋಹ ಬಿರಿಯುತ್ತದೆ.

ಬಡಿಗಲ್ಲು, ಅಂದರೆ ಬಿಸಿ ಲೋಹವನ್ನಿಟ್ಟು ಬಡಿಯುವ ದಿಂಡು, ಇಂಗ್ಲೆಂಡಿನಿಂದ ಬಂದದ್ದು, ಸಾಮಾನ್ಯವಾಗಿ 100ರಿಂದ 200 ಪೌಂಡ್. ಅದರ ಒಡಲೂ ಮೆದು ಕಬ್ಬಿಣ, ಮೇಲ್ಮೈಗೆ ಮಾತ್ರ ಉಕ್ಕಿನ ಹಾಳೆ ಬೆಸೆದಿರುತ್ತಿತ್ತು. ಸುತ್ತಿಗೆಗೆ ಮುಖದಲ್ಲಿ ಮಾತ್ರ ಉಕ್ಕು. ಬಡಗಿಯ ಉಳಿಗೆ ಚಪ್ಪಟೆ ಬದಿಯಲ್ಲಿ ತೆಳುವಾಗಿ ಉಕ್ಕು, ಓರೆ ಬದಿಯಲ್ಲಿ ಕಬ್ಬಿಣ. ಮಸೆಯುವಾಗ ಓರೆಯ ಮೆದು ಕಬ್ಬಿಣ ಬೇಗ ಸವೆದು ಉಕ್ಕಿನ ಅಂಚು ಸುಲಭವಾಗಿ ಹೊರಬರುತ್ತದೆ, ಹಾಗಾಗಿ ಇಲ್ಲಿ ಮಿತವ್ಯಯದ ಜೊತೆ ಅನುಕೂಲವೂ ಸೇರಿತು. ಇನ್ನು ಮರದ ದಿಮ್ಮಿಯಿಂದ ಚಾವಣಿಯ ಹಲಗೆ ಸೀಳುವ ಕತ್ತಿಗೆ ಉಕ್ಕೇ ಇಲ್ಲದಿದ್ದರೂ ನಡೆಯುತ್ತಿತ್ತು. ಅದನ್ನು ಮರದ ಕೊಡತಿಯಿಂದ ಹೊಡೆದು ಒಳಗಿಳಿಸಿ ಹಿಡಿ ತಿರುಚುತ್ತಾರೆ, ಮರ ನಾರಿನುದ್ದಕ್ಕೂ ತಾನೇ ಬಿಚ್ಚಿಕೊಳ್ಳುತ್ತದೆ. ಅದರ ಬಾಯಿ ಮೊಂಡಾಗಿದ್ದರೇ ಒಳ್ಳೆಯದು. ಚೂಪು ಮಾಡಿದರೆ ನಾರು ಕತ್ತರಿಸಿ ಹಲಗೆ ಕೆಡುತ್ತದೆ.

ಕೊಡಲಿಯ ಕೆಲಸ ಹೀಗೆ. ಸುಮಾರು 3 ಇಂಚು ಅಗಲ, ಅರ್ಧ ಇಂಚು ದಪ್ಪ, 9 ಇಂಚು ಉದ್ದದ ಕಬ್ಬಿಣದ ಪಟ್ಟಿ ತೆಗೆದುಕೊಂಡರೆ ಅದು ನಾಲ್ಕು ಪೌಂಡಿಗೆ ಸ್ವಲ್ಪ ಕಡಿಮೆ ಬರುತ್ತದೆ. ಪ್ರತಿ ಸಲ ಕಾಯಿಸಿದಾಗಲೂ ಮೇಲ್ಮೈ ಸುಟ್ಟು ಪೊರೆಯಾಗಿ ಉದುರುವುದರಿಂದ, ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲು ಕಳೆದೇ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿರಬೇಕು. ಪಟ್ಟಿಯ ನಟ್ಟನಡುವಿನ ಭಾಗ ಕೊಡಲಿಯ ಹಿಂದಲೆ ಆಗುತ್ತದೆ, ಅದನ್ನು ದಪ್ಪವಾಗಿಯೇ ಬಿಡಬೇಕು. ಅದರ ಎರಡೂ ಪಕ್ಕ, ಮರದ ಹಿಡಿ (ಇದಕ್ಕೂ ಕಾವು ಎಂದೇ ಹೆಸರು) ಕೂರುವ ಕಣ್ಣಿನ ಗೋಡೆಗಳಾಗುವ ಜಾಗವನ್ನು ಬಡಿದು ತೆಳು ಮಾಡಬೇಕು. ಎರಡು ತುದಿಗಳನ್ನು ಓರೆಯಾಗಿ ತೆಳುವಾಗಿಸಿಕೊಳ್ಳಬೇಕು. ಆಮೇಲೆ ಹಳದಿ ಕಾವಿನಲ್ಲಿ ಪಟ್ಟಿಯನ್ನು ಕಣ್ಣಿನ ಅಚ್ಚಿನ ಸುತ್ತ ಮಡಚಿ, ಎರಡೂ ಕಾಲು ಒಂದರ ಮೇಲೊಂದು ಕೂರುವಂತೆ ಮಾಡಬೇಕು. ಒಂದು ಕಾಲು ಗೋಧಿಯಗಲ ಉದ್ದವಾದರೂ ಮುಂದೆ ಬೆಸುಗೆ ಒಂದು ಬದಿಗೆ ಸರಿದು, ಬಾಯಿ ಕಣ್ಣಿನ ನೇರಕ್ಕೆ ನಿಲ್ಲುವುದಿಲ್ಲ. ಅದನ್ನು ಆಮೇಲೆ ಬಡಿದು ಸರಿಪಡಿಸಲು ಹೋದರೆ ಬೆಸುಗೆ ಬಿಡುತ್ತದೆ. ಆದ್ದರಿಂದ ಅಳತೆ ಸರಿಮಾಡಿಕೊಳ್ಳುವ ಹೊತ್ತು ಇದೇ.

ಮೊದಲ ಬೆಸುಗೆ ಕಣ್ಣಿನ ತಕ್ಷಣದ ಮುಂದೆ. ಒಳಮೈಗಳನ್ನು ಅರದಿಂದ ಉಜ್ಜಿ ಪೊರೆ ತೆಗೆದು, ಕೆಂಪಗಾದಾಗ ಶುದ್ಧವಾದ ನುಣ್ಣನೆಯ ಮರಳು ಎರಚುತ್ತಾರೆ. ಮರಳು ಕಬ್ಬಿಣದ ಪೊರೆಯ ಜೊತೆ ಸೇರಿ ಕರಗಿ ದ್ರವವಾಗುತ್ತದೆ, ಬಡಿದಾಗ ಆ ದ್ರವ ಚಿಮ್ಮಿ ಹೊರಹೋಗಿ ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗುತ್ತದೆ. ಮೆದು ಕಬ್ಬಿಣದ ಬೆಸುಗೆಗೆ 1300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು. ಅಳೆಯುವ ಸಾಧನ ಇಲ್ಲದ ಕಾಲದಲ್ಲಿ ಕಣ್ಣೇ ಗುರುತು: ಬಣ್ಣ ಬಿಳಿಗೆ ತಿರುಗಿ, ಮೈ ಒದ್ದೆಯಾಗಿ ಹೊಳೆದು, ಅಲ್ಲೊಂದು ಇಲ್ಲೊಂದು ಕಿಡಿ ಸಿಡಿಯಲು ಶುರುವಾದರೆ ಹೊರತೆಗೆಯಬೇಕು. ಅಲ್ಲಿಂದ ಬಡಿಗಲ್ಲಿಗೆ ತಂದು ಮೊದಲ ಪೆಟ್ಟು ಹಾಕಲು ಎರಡು ಮೂರು ಸೆಕೆಂಡಿನಷ್ಟೇ ಸಮಯ. ತಣ್ಣನೆಯ ಬಡಿಗಲ್ಲೂ ಕಾವನ್ನು ಹೀರುತ್ತದೆ, ಆದ್ದರಿಂದ ಮೊದಲೇ ಅದರ ಮೇಲೊಂದು ಬಿಸಿ ಕಬ್ಬಿಣವಿಟ್ಟು ಬೆಚ್ಚಗೆ ಮಾಡಿಕೊಂಡಿರುವುದು ಜಾಣತನ. ಪೆಟ್ಟು ಕಣ್ಣಿನ ಬದಿಯಿಂದ ಶುರುವಾಗಿ ಬಾಯಿಯ ಕಡೆಗೆ ಸಾಗಬೇಕು. ತಿರುಗಾಮುರುಗಾ ಬಡಿದರೆ ಕರಗಿದ ಕಿಟ್ಟ ಒಳಗೆ ಸಿಕ್ಕಿಕೊಳ್ಳುತ್ತದೆ, ಹೊರಗೆ ಬೆಸುಗೆ ಆದಂತೆ ಕಂಡರೂ ಒಳಗೆ ಟೊಳ್ಳು. ಬಡಿಯುವಾಗ ಕಣ್ಣು ಅಪ್ಪಚ್ಚಿಯಾಗದಂತೆ ಅಚ್ಚನ್ನು ಒಳಗೆ ತೂರಿಸಬೇಕು, ಆದರೆ ಕಾಯಿಸುವಾಗ ಅದು ಹೊರಗಿರಬೇಕು. ಇಲ್ಲವಾದರೆ ಅಚ್ಚೂ ಕೊಡಲಿಗೇ ಅಂಟಿಕೊಳ್ಳುತ್ತದೆ.

ಮುಂಭಾಗದಲ್ಲಿ ಒಂದೂವರೆ ಇಂಚನ್ನು ಬೆಸೆಯದೆ, ಬಾಯಿ ಬಿಟ್ಟುಕೊಂಡಿರುವಂತೆ ಉಳಿಸಿರುತ್ತಾರೆ. ಉಕ್ಕು ಕೂರುವ ಜಾಗ ಇದು. ಮೂರೂವರೆ ಇಂಚು ಅಗಲ, ಒಂದೂವರೆ ಇಂಚು ಆಳದ ಉಕ್ಕಿನ ತುಂಡನ್ನು ಬೆಣೆಯ ಆಕಾರಕ್ಕೆ ಬಡಿದು, ಅದರ ತೆಳು ಅಂಚಿನಲ್ಲಿ ಉಳಿಯಿಂದ ಸಣ್ಣ ಮುಳ್ಳುಗಳನ್ನು ಎಬ್ಬಿಸುತ್ತಾರೆ. ಕೊಡಲಿ ಕೆಂಪಗಿರುವಾಗ ಉಕ್ಕನ್ನು ಒಳಕ್ಕೆ ಹೊಡೆದು ತುಟಿಗಳನ್ನು ಮುಚ್ಚಿದರೆ ಮುಳ್ಳು ಕಚ್ಚಿ ಹಿಡಿಯುತ್ತದೆ, ಒಲೆಯಲ್ಲಿ ತಿರುಗಿಸುವಾಗ ಜಾರಿ ಬೀಳುವುದಿಲ್ಲ. ಇನ್ನೊಂದು ವಿಧಾನವೂ ಇತ್ತು. ಅದರಲ್ಲಿ ಉಕ್ಕನ್ನೇ ಮಡಚಿ ಕಬ್ಬಿಣದ ಅಂಚಿನ ಮೇಲೆ ಹೊರಗಿನಿಂದ ಹೊದಿಸಿ ಬೆಸೆಯುತ್ತಿದ್ದರು. ಹೊದಿಸಿದ ಉಕ್ಕು ಕೆನ್ನೆಯ ಮೇಲೆಲ್ಲ ಹರಡಿ ಹೆಚ್ಚು ಕಾಲ ಬಾಳುತ್ತದೆ. ಒಳಗಿಟ್ಟ ಉಕ್ಕಿಗೆ ಎರಡೂ ಕಡೆ ಕಬ್ಬಿಣದ ಆಸರೆ ಇರುವುದರಿಂದ ಬೆಂಕಿಯಲ್ಲಿ ಸುಟ್ಟುಹೋಗುವ ಭಯ ಕಡಿಮೆ. ಹಳ್ಳಿಯ ಕಮ್ಮಾರಶಾಲೆಯಲ್ಲಿ ಒಬ್ಬನೇ ಕಮ್ಮಾರ, ಒಬ್ಬನೇ ಹುಡುಗ ಕೆಲಸ ಮಾಡುವಲ್ಲಿ ಒಳಗಿಡುವ ವಿಧಾನವೇ ಹೆಚ್ಚು ಭರವಸೆಯದು ಎಂದು ನನಗನ್ನಿಸುತ್ತದೆ.

ಇಡೀ ಕೆಲಸದಲ್ಲಿ ಕಷ್ಟದ ಘಳಿಗೆ ಈ ಎರಡನೇ ಬೆಸುಗೆ. ಕಬ್ಬಿಣಕ್ಕೆ ಬೇಕಾದ ಕಾವು ಉಕ್ಕಿಗೆ ವಿಷ. ಉಕ್ಕು 1150–1200 ಡಿಗ್ರಿಯಲ್ಲೇ ಬೆಸೆಯಲು ಸಿದ್ಧ, ಅದನ್ನು ಮೀರಿಸಿ ಕಾಯಿಸಿದರೆ ಕಣಗಳ ನಡುವೆಯೇ ಸುಟ್ಟು, ಸುತ್ತಿಗೆ ತಾಗಿದೊಡನೆ ಗಿಣ್ಣಿನಂತೆ ಪುಡಿಯಾಗುತ್ತದೆ. ಸುಟ್ಟ ಉಕ್ಕನ್ನು ಮತ್ತೆ ಬದುಕಿಸುವ ಉಪಾಯ ಯಾವುದೂ ಇಲ್ಲ, ಕತ್ತರಿಸಿ ಬಿಸಾಡಬೇಕು. ಆದ್ದರಿಂದ ಬಾಯಿಯನ್ನು ನೇರವಾಗಿ ಗಾಳಿಯ ಎದುರಿಗೆ ಹಿಡಿಯಬಾರದು. ಆಳವಾದ ಕೆಂಡದ ನಡುವೆ ಕಬ್ಬಿಣದ ಕೆನ್ನೆಗಳು ಮೊದಲು ಕಾಯುವಂತಿಟ್ಟು, ತಿರುಗಿಸುತ್ತಾ, ತಿದಿಯನ್ನು ಮೆಲ್ಲಗೆ ಒತ್ತುತ್ತಾ, ಒಳಗಿನ ಉಕ್ಕು ಹೊರಗಿನ ಕಬ್ಬಿಣಕ್ಕಿಂತ ಒಂದು ಬಣ್ಣ ಕೆಳಗೇ ಇರುವಂತೆ ನೋಡಿಕೊಳ್ಳಬೇಕು. ಕಿಡಿ ಧಾರಾಳವಾಗಿ ಸಿಡಿಯತೊಡಗಿದರೆ ಅದು ಉಕ್ಕು ಉರಿಯುತ್ತಿರುವ ಲಕ್ಷಣ.

ಈ ತಗ್ಗಿದ ಕಾವಿನಲ್ಲಿ ಬರೀ ಮರಳು ಸರಿಯಾಗಿ ಕರಗುವುದಿಲ್ಲ. ಬಿಳಿಗಾರ (ಬೊರಾಕ್ಸ್) ಇದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಕರಗಿ ಹರಿಯುತ್ತದೆ. ಆದರೆ 18ನೇ ಶತಮಾನದಲ್ಲಿ ಬಿಳಿಗಾರ ಟಿಬೆಟ್ಟಿನ ಸರೋವರಗಳಿಂದ ಹಿಮಾಲಯ ದಾಟಿ, ಬಂಗಾಳದ ಮೂಲಕ ಯುರೋಪಿಗೆ ಹಡಗೇರುತ್ತಿದ್ದ ಸರಕು. ಅಮೆರಿಕದ ಹಳ್ಳಿಯೊಂದರ ಕಮ್ಮಾರಶಾಲೆ ತಲುಪುವ ಹೊತ್ತಿಗೆ ಅದರ ಬೆಲೆ ಎಷ್ಟಾಗಿರಬಹುದೆಂದು ಊಹಿಸಿಕೊಳ್ಳಿ. ಅದಕ್ಕೇ ಅದನ್ನು ಚಿಟಿಕೆ ಲೆಕ್ಕದಲ್ಲಿ, ಉಕ್ಕಿನ ಬೆಸುಗೆಗೆ ಮಾತ್ರ ಮೀಸಲಿಡುತ್ತಿದ್ದರು. ಕಬ್ಬಿಣದಿಂದ ಕಬ್ಬಿಣಕ್ಕಾದರೆ ಹೊಳೆಯ ಮರಳೇ ಸಾಕು.

ಕಾವು ಬಂದಾಗ ಮೊದಲ ಪೆಟ್ಟುಗಳು ಹಗುರ, ಚುರುಕು. ಬಲವಾಗಿ ಹೊಡೆದರೆ ಇನ್ನೂ ಹಿಡಿಯದ ಪದರಗಳು ಒಂದರ ಮೇಲೊಂದು ಜಾರುತ್ತವೆ. ನಡುವಿನಿಂದ ಎರಡೂ ಬದಿಗೆ ಬಡಿದು, ಮತ್ತೆ ಕಾಯಿಸಿ, ಎರಡನೇ ಮೂರನೇ ಸಲಕ್ಕೆ ಬೆಸುಗೆ ಪೂರ್ತಿ ಮಾಡುತ್ತಾರೆ. ಬೆಸುಗೆ ಕೂಡಿದೆಯೋ ಇಲ್ಲವೋ ಎನ್ನುವುದನ್ನು ಕೊಡಲಿ ತಣಿಯುವಾಗ ನೋಡಬಹುದು. ಒಳಗೆ ಬಿಡುವು ಉಳಿದಿದ್ದರೆ ಆ ಜಾಗದ ಮೇಲ್ಮೈ ಬೇಗ ಕಪ್ಪಾಗುತ್ತದೆ, ಏಕೆಂದರೆ ಒಳಗಿನ ಬಿಸಿ ಅಲ್ಲಿಗೆ ದಾಟುವುದಿಲ್ಲ.

ಇದಾದ ಮೇಲೆ ಅಡ್ಡಮೂತಿಯ ಸುತ್ತಿಗೆಯಿಂದ ಬಾಯಿಯನ್ನು ಅಗಲಿಸುವುದು, ಎರಡೂ ಕೆನ್ನೆಗೆ ಸಮಸಮವಾಗಿ ಪೆಟ್ಟು ಹಾಕುವುದು, ಹೆಚ್ಚಾದದ್ದನ್ನು ಬಿಸಿಯಲ್ಲೇ ಉಳಿಯಿಂದ ಕತ್ತರಿಸುವುದು. ಕಣ್ಣಿಗೆ ಅಚ್ಚನ್ನು ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಹೊಡೆದು, ನಡುವೆ ಸ್ವಲ್ಪ ಕಿರಿದಾಗಿ ಎರಡೂ ಬಾಯಲ್ಲಿ ಅಗಲವಾಗಿರುವಂತೆ ಮಾಡುತ್ತಾರೆ. ಕಾವಿನ ತುದಿಗೆ ಬೆಣೆ ಹೊಡೆದಾಗ ಮರ ಮೇಲೆ ಹರಡಿಕೊಂಡು ತಲೆ ಹಾರಿಹೋಗದಂತೆ ಹಿಡಿಯಲು ಈ ಕಿರಿದು ನಡು ಬೇಕು. ಕೊನೆಗೆ ಮಂದ ಕೆಂಪಿಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ತಣಿಯಲು ಬಿಡಬೇಕು. ಬಡಿತದಿಂದ ಒಳಗೆ ಕೂತ ಬಿಗಿ ಇದರಿಂದ ಸಡಿಲಗೊಳ್ಳುತ್ತದೆ. ಈ ಹಂತ ಬಿಟ್ಟರೆ ನೀರಿಗದ್ದುವಾಗ ಬಾಯಿ ಡೊಂಕಾಗುತ್ತದೆ ಇಲ್ಲವೇ ಸೀಳುತ್ತದೆ. ಮೆತ್ತಗಿರುವಾಗಲೇ ಅರ ಹಾಕಿ ಆಕಾರ ತಿದ್ದಿಕೊಳ್ಳಬೇಕು. ಬೆಸುಗೆಯ ಕಾವಿನಲ್ಲಿ ಹೊರಮೈಯ ಉಕ್ಕು ಇಂಗಾಲ ಕಳೆದುಕೊಂಡು ಮೆದುವಾಗಿರುತ್ತದೆ, ಆ ತೆಳು ಪದರವನ್ನೂ ಈಗಲೇ ಅರೆದು ತೆಗೆಯಬೇಕು. ಹೊಸ ಕೊಡಲಿಯ ಬಾಯಿ ಮೊದಮೊದಲು ನಿಲ್ಲದೆ, ಒಂದೆರಡು ಸಲ ಸಾಣೆ ಹಿಡಿದ ಮೇಲೆ ಚೆನ್ನಾಗುವುದಕ್ಕೆ ಅನೇಕ ಸಲ ಈ ಪದರವೇ ಕಾರಣ.

ಹದ ಹಾಕುವ ಕೆಲಸ ಮಬ್ಬು ಬೆಳಕಿನಲ್ಲಿ. ಬಿಸಿಲಿನಲ್ಲಿ ಕಾವಿನ ಬಣ್ಣ ಮೋಸ ಮಾಡುತ್ತದೆ. ಬಾಯಿಯ ಎರಡು ಇಂಚನ್ನು ಸಮವಾಗಿ ಕೆಂಪಗೆ ಕಾಯಿಸಿ, ಅಂಚಿನ ಒಂದರಿಂದ ಒಂದೂವರೆ ಇಂಚನ್ನು ಮಾತ್ರ ನೀರಿಗೋ ಉಪ್ಪುನೀರಿಗೋ ಇಳಿಸಬೇಕು. ಇಳಿಸಿ ಸುಮ್ಮನೆ ಹಿಡಿದುಕೊಂಡರೆ ನೀರಿನ ಮಟ್ಟದಲ್ಲಿ ಗಟ್ಟಿ–ಮೆದುವಿನ ಗಡಿ ಗೀಟು ಎಳೆದಂತೆ ಕೂರುತ್ತದೆ, ಮುಂದೊಂದು ದಿನ ಅಲ್ಲೇ ಬಾಯಿ ಮುರಿಯುತ್ತದೆ. ಅದಕ್ಕೆ ಕೊಡಲಿಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಈ ಹೊತ್ತಿನಲ್ಲಿ ಟಿಣ್ ಎಂಬ ಸದ್ದು ಕೇಳಿಸಿದರೆ ಉಕ್ಕು ಬಿರಿಯಿತೆಂದು ಅರ್ಥ. ಕಾರಣ ಬಹುತೇಕ ಒಂದೇ, ಕಾವು ಮೀರಿದ್ದು. ಅತಿಯಾಗಿ ಕಾದ ಉಕ್ಕಿನ ಕಣ ದಪ್ಪವಾಗುತ್ತದೆ. ಮುರಿದ ಜಾಗ ರೇಷ್ಮೆಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಕಾವು ಸರಿಯಿತ್ತು, ಹರಳು ಹರಳಾಗಿ ಹೊಳೆದರೆ ಮೀರಿತ್ತು.

ನೀರಿನಿಂದ ತೆಗೆದಾಗ ಬಾಯಿ ಗಾಜಿನಷ್ಟೇ ಗಡುಸು, ಹಾಗೆಯೇ ಬಳಸಿದರೆ ಚೂರಾಗುತ್ತದೆ. ಆದರೆ ಹಿಂದಲೆಯಲ್ಲಿ ಇನ್ನೂ ಬಿಸಿ ಉಳಿದಿದೆ. ಮರಳುಗಲ್ಲಿನ ಚೂರಿನಿಂದ ಕೆನ್ನೆಯನ್ನು ಸರಸರನೆ ಉಜ್ಜಿ ಬೆಳ್ಳಗೆ ಮಾಡಿದರೆ, ಆ ಬಿಸಿ ಅಂಚಿನ ಕಡೆಗೆ ಹರಿಯುವಾಗ ಬಣ್ಣಗಳು ಒಂದರ ಹಿಂದೊಂದು ಓಡಿಬರುವುದು ಕಾಣುತ್ತದೆ. 220–230 ಡಿಗ್ರಿಗೆ ತಿಳಿಹಳದಿ, 255ರ ಸುಮಾರಿಗೆ ಕಂದು, 275ಕ್ಕೆ ನೇರಳೆ, 295 ದಾಟುವಾಗ ನೀಲಿ. ಕ್ಷೌರದ ಕತ್ತಿಗೆ ಹಳದಿ ಸರಿ. ಮರದ ಮೇಲೆ ಬೀಸಿ ಹೊಡೆಯುವ ಕೊಡಲಿಗೆ ಗಡುಸಿಗಿಂತ ತಾಳಿಕೆ ಮುಖ್ಯ, ನೇರಳೆ ನೀಲಿಗೆ ತಿರುಗುವ ಕ್ಷಣದಲ್ಲಿ ಮತ್ತೆ ನೀರಿಗದ್ದಿ ನಿಲ್ಲಿಸಬೇಕು. ಅರ ತಾಗಿಸಿದರೆ ಕಷ್ಟಪಟ್ಟು ಕಚ್ಚಬೇಕು. ಜಾರಿಹೋದರೆ ಬಾಯಿ ಇನ್ನೂ ಗಡುಸು, ಸಲೀಸಾಗಿ ಕೊರೆದರೆ ಮೆದು. ಎಷ್ಟೇ ಒಳ್ಳೆಯ ಹದವಿದ್ದರೂ ಚಳಿಗಾಲದಲ್ಲಿ ಉಕ್ಕು ಪೆಡಸಾಗುತ್ತದೆ, ಮರವೂ ಹೆಪ್ಪುಗಟ್ಟಿರುತ್ತದೆ. ಉತ್ತರದ ಕಾಡುಗಳಲ್ಲಿ ಮರ ಕಡಿಯುವವರು ಬೆಳಿಗ್ಗೆ ಮೊದಲ ಏಟಿಗೆ ಮುಂಚೆ ಕೊಡಲಿಯ ಬಾಯಿಯನ್ನು ಬೆಂಕಿಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದುದು ಇದಕ್ಕೇ.

ಕೊಡಲಿಯ ಆಕಾರದ ಬಗ್ಗೆಯೂ ಹೇಳಬೇಕು, ಏಕೆಂದರೆ ಅಮೆರಿಕದ ಸ್ವಂತ ಕಾಣಿಕೆ ಅಲ್ಲಿದೆ. 17ನೇ ಶತಮಾನದಲ್ಲಿ ಯುರೋಪಿನಿಂದ ತಂದ ಕೊಡಲಿಗೆ ಉದ್ದನೆಯ ಅಲಗು, ಕಣ್ಣಿನ ಹಿಂದೆ ಹೆಚ್ಚುಕಡಿಮೆ ಏನೂ ಇಲ್ಲ. ಭಾರವೆಲ್ಲ ಮುಂದೆಯೇ ಇದ್ದು ಬೀಸುವಾಗ ತಲೆ ತೊನೆದಾಡುತ್ತದೆ, ಏಟು ಓರೆಯಾಗಿ ಬೀಳುತ್ತದೆ. 18ನೇ ಶತಮಾನದ ಹೊತ್ತಿಗೆ ಅಮೆರಿಕದ ಕಮ್ಮಾರರು ಅಲಗನ್ನು ಗಿಡ್ಡ ಮಾಡಿ, ಹಿಂದಲೆಗೆ ದಪ್ಪ ಕಬ್ಬಿಣ ಸೇರಿಸಿ, ಕಣ್ಣಿನ ಹಿಂದಿನ ಭಾರವನ್ನು ಮುಂದಿನದಕ್ಕೆ ಸಮ ಮಾಡಿದರು. ಇಂಥ ಕೊಡಲಿ ಕಾವಿನ ನೇರದಲ್ಲೇ ತೂಗಿ ನಿಲ್ಲುತ್ತದೆ, ಏಟು ಇಟ್ಟ ಗುರಿಗೆ ಬೀಳುತ್ತದೆ. ಹಿಂದಲೆಗೆ ಹಾಕಿದ್ದು ಅಗ್ಗದ ಕಬ್ಬಿಣ ಎನ್ನುವುದನ್ನು ಗಮನಿಸಿ. ಭಾರಕ್ಕೆ ಉಕ್ಕಿನ ಅಗತ್ಯವಿಲ್ಲ. ದಿಮ್ಮಿಯನ್ನು ಚೌಕ ತೊಲೆಯಾಗಿ ಕೆತ್ತುವ ಅಗಲ ಕೊಡಲಿಯದು ಬೇರೆಯೇ ಲೆಕ್ಕ: ಒಂದು ಕೆನ್ನೆ ಪೂರ್ತಿ ಚಪ್ಪಟೆ, ಓರೆ ಇನ್ನೊಂದೇ ಬದಿಗೆ, ಗೆಣ್ಣು ತೊಲೆಗೆ ತರಚದಂತೆ ಕಾವು ಪಕ್ಕಕ್ಕೆ ಬಾಗಿರುತ್ತದೆ.

ಕಾವಿಗೆ ಹಿಕರಿ ಮರ. ಇದು ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಹೇರಳ, ಏಟಿನ ಅದುರುವಿಕೆಯನ್ನು ತಾಳುವುದರಲ್ಲಿ ಇದಕ್ಕೆ ಸಾಟಿಯಾದ ಮರ ಅಲ್ಲಿ ಇನ್ನೊಂದಿಲ್ಲ. ವೇಗವಾಗಿ ಬೆಳೆದ ಮರವೇ ಇಲ್ಲಿ ಒಳ್ಳೆಯದು. ಹಿಕರಿಯ ಪ್ರತಿ ವರ್ಷದ ಉಂಗುರದಲ್ಲಿ ರಂಧ್ರಗಳಿರುವ ವಸಂತದ ಪದರ ಹೆಚ್ಚುಕಡಿಮೆ ಒಂದೇ ಅಗಲ, ಹೆಚ್ಚುವುದು ಬೇಸಿಗೆಯ ಗಟ್ಟಿ ಪದರ. ಆದ್ದರಿಂದ ಉಂಗುರ ಅಗಲವಾದಷ್ಟೂ ಮರ ಗಟ್ಟಿ. ಕಾವಿನ ತುಂಡನ್ನು ಗರಗಸದಿಂದ ಕೊಯ್ಯದೆ ಬೆಣೆಯಿಂದ ಸೀಳಿ ತೆಗೆದರೆ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಸಾಗುತ್ತದೆ. ಕಾವಿನ ತುದಿಯಲ್ಲಿ ನೋಡಿದಾಗ ಉಂಗುರದ ಗೆರೆಗಳು ಅಲಗಿನ ನೇರಕ್ಕೇ ಇರಬೇಕು, ಅಡ್ಡಕ್ಕಿದ್ದರೆ ಬೇಗ ಮುರಿಯುತ್ತದೆ. ಚೆನ್ನಾಗಿ ಒಣಗದ ಮರ ಹಾಕಿದರೆ ಕೆಲವೇ ವಾರದಲ್ಲಿ ಕುಗ್ಗಿ ತಲೆ ಅಲ್ಲಾಡುತ್ತದೆ. ಅಲ್ಲಾಡುವ ತಲೆಯನ್ನು ನೀರಲ್ಲಿ ನೆನೆಸಿ ಬಿಗಿ ಮಾಡುವುದು ಎಲ್ಲ ಕಡೆಯೂ ಇರುವ ಅಭ್ಯಾಸ, ಆದರೆ ಅದು ಮರವನ್ನು ಕೊಲ್ಲುತ್ತದೆ. ಉಬ್ಬಿದ ನಾರು ಕಬ್ಬಿಣಕ್ಕೆ ಒತ್ತಿಕೊಂಡು ನಜ್ಜುಗುಜ್ಜಾಗಿ, ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಬೆಣೆ ತೆಗೆದು ಹೊಸದು ಹೊಡೆಯುವುದೇ ಸರಿ. ಹಳೆಯ ಕಾವುಗಳು ನೆಟ್ಟಗಿರುತ್ತಿದ್ದವು. ಇಂದು ನಮಗೆ ಪರಿಚಿತವಾದ, ಬುಡದಲ್ಲಿ ಬಾಗಿದ ಕಾವು 19ನೇ ಶತಮಾನದ್ದು.

ಹಳ್ಳಿಯ ಕಮ್ಮಾರನ ದಿನದ ಬಹುಭಾಗ ಹೋಗುತ್ತಿದ್ದದ್ದು ಹೊಸ ಹತಾರ ಮಾಡುವುದರಲ್ಲಲ್ಲ, ಹಳೆಯದನ್ನು ರಿಪೇರಿ ಮಾಡುವುದರಲ್ಲಿ. ಸಾಣೆ ಹಿಡಿದು ಹಿಡಿದು ಉಕ್ಕು ಸವೆದು ಗೆರೆಯವರೆಗೆ ಬಂದ ಕೊಡಲಿಯನ್ನು ರೈತ ಮರಳಿ ತರುತ್ತಿದ್ದ. ಕಮ್ಮಾರ ಬಾಯಿಯನ್ನು ಕಾಯಿಸಿ, ಸೀಳಿ, ಹೊಸ ಉಕ್ಕು ಇಟ್ಟು ಬೆಸೆದುಕೊಡುತ್ತಿದ್ದ. ಎರಡು ಲೋಹದ ಕೊಡಲಿಯ ದೊಡ್ಡ ಗುಣ ಇದೇ. ತಲೆ ಒಂದು ತಲೆಮಾರು ಬಾಳುತ್ತದೆ, ಬಾಯಿ ಬದಲಾಗುತ್ತದೆ. ಕೂಲಿಯನ್ನು ಧಾನ್ಯವಾಗಿಯೋ, ಇದ್ದಲಾಗಿಯೋ, ದುಡಿಮೆಯಾಗಿಯೋ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು ವರ್ಷಕ್ಕೊಮ್ಮೆ ತೀರಿಸಿಕೊಳ್ಳುವುದು ವಾಡಿಕೆ.

ಸ್ಥಳೀಯ ಮೂಲನಿವಾಸಿ ಜನಾಂಗಗಳಿಗೂ ಈ ರಿಪೇರಿಯ ಬೆಲೆ ಚೆನ್ನಾಗಿ ಗೊತ್ತಿತ್ತು. ವ್ಯಾಪಾರದಲ್ಲಿ ಕೊಡಲಿ, ಬಂದೂಕು ಸಿಕ್ಕರೂ ಅವನ್ನು ಸರಿಪಡಿಸುವವರಿಲ್ಲದಿದ್ದರೆ ಪ್ರಯೋಜನವಿಲ್ಲ. ತಮ್ಮ ಊರಿನಲ್ಲಿ ಒಬ್ಬ ಕಮ್ಮಾರನನ್ನು ಇರಿಸಬೇಕೆಂದು ಹೌದೆನೊಶೋನಿ ಒಕ್ಕೂಟದವರು ವಸಾಹತು ಅಧಿಕಾರಿಗಳನ್ನು ಮತ್ತೆ ಮತ್ತೆ ಕೇಳಿದ್ದುಂಟು. 1794ರಲ್ಲಿ ಈ ಒಕ್ಕೂಟದ ಜೊತೆ ಮಾಡಿಕೊಂಡ ಕ್ಯಾನನ್‌ಡೈಗುವಾ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಪ್ರತಿವರ್ಷ 4,500 ಡಾಲರ್ ವೆಚ್ಚ ಮಾಡಲು ಒಪ್ಪಿದ ಬಾಬುಗಳಲ್ಲಿ ಬೇಸಾಯದ ಉಪಕರಣಗಳ ಜೊತೆಗೆ ಕುಶಲಕರ್ಮಿಗಳ ಸಂಬಳವೂ ಸೇರಿದೆ.

ದಕ್ಷಿಣದಲ್ಲಿ ಕುಲುಮೆಯ ಮುಂದೆ ನಿಂತವರು ಬಹಳಷ್ಟು ಜನ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದವರು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1794ರಲ್ಲಿ ವರ್ಜೀನಿಯಾದ ತಮ್ಮ ಜಮೀನು ಮಾಂಟಿಸೆಲೊದಲ್ಲಿ ಆರಂಭಿಸಿದ ಮೊಳೆ ಕಮ್ಮಟದಲ್ಲಿ ಕಬ್ಬಿಣದ ಸರಳನ್ನು ಕಾಯಿಸಿ, ಮೊನೆ ಮಾಡಿ, ಕತ್ತರಿಸಿ, ತಲೆ ಬಡಿಯುತ್ತಿದ್ದವರು 10ರಿಂದ 16 ವರ್ಷದ ಗುಲಾಮ ಹುಡುಗರು. ಅಲ್ಲಿ ಗುಲಾಮಗಿರಿಯಲ್ಲಿದ್ದು ಕಮ್ಮಾರನಾಗಿ ದುಡಿದ ಐಸಾಕ್ ಗ್ರೇಂಜರ್ ಜೆಫರ್ಸನ್ ಅವರ ಮುಪ್ಪಿನ ಕಾಲದ ಛಾಯಾಚಿತ್ರ ಒಂದು ಉಳಿದಿದೆ, ಅದರಲ್ಲಿ ಅವರು ತೊಗಲಿನ ಏಪ್ರನ್ ಕಟ್ಟಿಕೊಂಡಿದ್ದಾರೆ. 1800ರಲ್ಲಿ ರಿಚ್‌ಮಂಡ್ ಬಳಿ ಗುಲಾಮರ ಬಂಡಾಯಕ್ಕೆ ಸಂಚು ಹೂಡಿದ ಗೇಬ್ರಿಯಲ್ ಕೂಡ ಕಮ್ಮಾರ. ಆ ಬಂಡಾಯಕ್ಕಾಗಿ ಹುಲ್ಲು ಕೊಯ್ಯುವ ದೊಡ್ಡ ಕುಡುಗೋಲಿನ ಅಲಗುಗಳನ್ನು ಕತ್ತಿಗಳಾಗಿ ಮಾರ್ಪಡಿಸಿದರು. ಹಳೆಯ ಅಮೆರಿಕದ ಕರಕುಶಲತೆಯನ್ನು ಕೊಂಡಾಡುವ ಬರಹಗಳು ಈ ಕೈಗಳನ್ನು ಬಿಟ್ಟು ಮಾತಾಡುವುದು ತಪ್ಪು.

ಕೊಡಲಿ ಹಳ್ಳಿಯ ಕುಲುಮೆಯಿಂದ ಕಾರ್ಖಾನೆಗೆ ಹೋದದ್ದು 1826ರ ನಂತರ. ಆ ವರ್ಷ ಕನೆಕ್ಟಿಕಟ್‌ನಲ್ಲಿ ಸ್ಯಾಮ್ಯುಯೆಲ್ ಮತ್ತು ಡೇವಿಡ್ ಕಾಲಿನ್ಸ್ ಸಹೋದರರು ತಮ್ಮ ಸಂಬಂಧಿ ವಿಲಿಯಂ ವೆಲ್ಸ್ ಜೊತೆ ಸೇರಿ ಫಾರ್ಮಿಂಗ್ಟನ್ ನದಿಯ ದಂಡೆಯಲ್ಲಿ ಕೊಡಲಿ ಕಾರ್ಖಾನೆ ಹಾಕಿದರು. ಅಲ್ಲಿಯವರೆಗೆ ಕೊಡಲಿಯನ್ನು ಕೊಂಡವರೇ ಗಂಟೆಗಟ್ಟಲೆ ಸಾಣೆ ಹಿಡಿದು ಬಾಯಿ ಮಾಡಿಕೊಳ್ಳಬೇಕಿತ್ತು, ಇವರು ಸಾಣೆ ಹಿಡಿದೇ ಮಾರಿದರು. 1830ರ ದಶಕದಲ್ಲಿ ಎಲೈಶಾ ರೂಟ್ ಅಲ್ಲಿ ಯಂತ್ರಗಳನ್ನು ರೂಪಿಸಿದರು. ಮರಳುಗಲ್ಲಿನ ಸಾಣೆಯ ದೂಳು ಅಲ್ಲಿನ ಕೆಲಸಗಾರರ ಶ್ವಾಸಕೋಶ ಹಾಳುಮಾಡಿದ್ದೂ ಈ ಕಥೆಯ ಭಾಗವೇ. ಕಾರ್ಖಾನೆಯಲ್ಲೂ ಬಹಳ ಕಾಲ ಕಬ್ಬಿಣದ ತಲೆಗೆ ಉಕ್ಕಿನ ಬಾಯಿ ಬೆಸೆಯುವ ಕ್ರಮವೇ ಉಳಿಯಿತು. 19ನೇ ಶತಮಾನದ ಕೊನೆಯಲ್ಲಿ ಉಕ್ಕು ಅಗ್ಗವಾದ ಮೇಲೆ ಮಾತ್ರ ಇಡೀ ಕೊಡಲಿ ಉಕ್ಕಿನದಾಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ನ್ಯೂ ಇಂಗ್ಲೆಂಡಿನ ಹಳೆ ಸಾಮಾನಿನ ಸಂತೆಗಳಲ್ಲಿ ಇಂಥ ತಲೆಗಳು ಇಂದಿಗೂ ಸಿಗುತ್ತವೆ. ಕೊಳ್ಳುವ ಮುಂಚೆ ಹಿಂದಲೆ ನೋಡಿ. ಅದರ ಅಂಚು ಅಣಬೆಯಂತೆ ಹೊರಕ್ಕೆ ಮಡಚಿಕೊಂಡಿದ್ದರೆ ಯಾರೋ ಅದನ್ನು ಸುತ್ತಿಗೆಯಾಗಿ ಬಳಸಿದ್ದಾರೆ, ಕಣ್ಣಿನ ಗೋಡೆ ಬಿರಿದಿರುವ ಸಂಭವ ಹೆಚ್ಚು. ಕೆನ್ನೆಯನ್ನು ಬೆಳ್ಳಗೆ ಉಜ್ಜಿ, ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಕೆಲವು ಗಂಟೆ ಹೊದಿಸಿಟ್ಟರೆ ಉಕ್ಕು ಕಬ್ಬಿಣಕ್ಕಿಂತ ಗಾಢವಾಗಿ ಕಪ್ಪಾಗಿ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಬಾಯಿಯಿಂದ ಗೆರೆಗೆ ಅರ್ಧ ಇಂಚಾದರೂ ಉಳಿದಿದ್ದರೆ ಅದು ಇನ್ನೂ ಕೆಲಸಕ್ಕೆ ಬರುವ ಕೊಡಲಿ. ವಿದ್ಯುತ್ ಸಾಣೆಗೆ ಕೊಡಬೇಡಿ. ಬಾಯಿ ಒಮ್ಮೆ ನೀಲಿಗೆ ತಿರುಗಿತೆಂದರೆ ಹಳೆಯ ಹದ ಇಳಿದುಹೋಯಿತು. ಅರ ಮತ್ತು ನೀರುಗಲ್ಲಿನಲ್ಲಿ, ಅಂಚಿಗೆ ಮೆಲ್ಲನೆ ಉಬ್ಬಿಕೊಂಡು ಬರುವ ಕೆನ್ನೆಯನ್ನು ಹಾಗೇ ಉಳಿಸಿ ಮಸೆಯಿರಿ. ಚಪ್ಪಟೆಯಾಗಿ ತೆಳುಮಾಡಿದರೆ ಏಟು ಬಿದ್ದಲ್ಲೇ ಕೊಡಲಿ ಮರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕುಲುಮೆಯ ಕೆಲಸವನ್ನೇ ಕಣ್ಣಾರೆ ನೋಡಬೇಕೆಂದರೆ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಜೇಮ್ಸ್ ಆಂಡರ್ಸನ್ ಎಂಬಾತನ ಕಮ್ಮಾರಶಾಲೆಯನ್ನು ಮರುನಿರ್ಮಿಸಿದ್ದಾರೆ, ಮ್ಯಾಸಚೂಸೆಟ್ಸ್‌ನ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್‌ನಲ್ಲೂ ಹಳೆಯ ಕಮ್ಮಾರಶಾಲೆ ಇದೆ. ಸಾಗಸ್‌ನ ಕಾರ್ಖಾನೆಯನ್ನೂ ನೀರಿನ ಚಕ್ರ, ಸುತ್ತಿಗೆ ಸಮೇತ ಮತ್ತೆ ಕಟ್ಟಿದ್ದಾರೆ. ಹೋದರೆ ಬೆಸುಗೆ ಹಾಕುವ ಹೊತ್ತು ಯಾವಾಗ ಎಂದು ಮೊದಲೇ ಕೇಳಿಕೊಂಡು ಒಲೆಯ ಹತ್ತಿರ ನಿಲ್ಲಿ, ಸುತ್ತಿಗೆಗಿಂತ ಹೆಚ್ಚಾಗಿ ಕೆಂಡದೊಳಗಿನ ಬಣ್ಣವನ್ನು ಗಮನಿಸಿ.